ಮೂರು ವರ್ಷ ಕುಲುಮೆಯಲ್ಲಿ ಬೆಂದ ಸೆರಾಮಿಕ್ ಟ್ರೇಗಳು

ಲೋಹದ ಭಾಗ ಕಾಯಿಸಿ ಹದಗೊಳಿಸುವ ನಮ್ಮ ಹೀಟ್ ಟ್ರೀಟ್‌ಮೆಂಟ್ ಕುಲುಮೆಗೆ ಎಳೆ ಹೆಣೆದ ಸೆರಾಮಿಕ್ ಕಾಂಪೋಸಿಟ್ ಟ್ರೇ ಹತ್ತು ತಂದು ಮೂರು ವರ್ಷವಾಯಿತು. ಎಳೆಯೂ ಅಲುಮಿನಾ (ಅಲ್ಯೂಮಿನಿಯಂ ಆಕ್ಸೈಡ್), ಎಳೆಗಳನ್ನು ಹಿಡಿದಿಡುವ ಸುತ್ತಲಿನ ಮ್ಯಾಟ್ರಿಕ್ಸೂ ಆಕ್ಸೈಡೇ. ನಮ್ಮ ಕುಲುಮೆಯೊಳಗೆ ಬರೀ ಗಾಳಿ, ಆಕ್ಸೈಡ್ ಅದರಲ್ಲಿ ಉರಿಯದು. 500 ಡಿಗ್ರಿ ಆಸುಪಾಸಿನಲ್ಲೇ ಉರಿದು ಸವೆಯಲು ಶುರುವಾಗುವ ಕಾರ್ಬನ್ ಟ್ರೇ ಇಲ್ಲಿ ನಡೆಯದು.

ಮೊದಲು ಮೆಚ್ಚಿದ್ದು ಹೇಳಿಬಿಡುತ್ತೇನೆ. ಹಳೆಯ ನಿಕಲ್ ಮಿಶ್ರಲೋಹದ ಟ್ರೇ ಎತ್ತಲು ಇಬ್ಬರು ಬೇಕಿತ್ತು, ಇದಕ್ಕೆ ಒಬ್ಬರು ಸಾಕು. 950 ಡಿಗ್ರಿಯಿಂದ ನೇರ ಹೊರಗೆಳೆದರೂ ಏನೂ ಆಗಲಿಲ್ಲ. ಸಾದಾ ಅಲುಮಿನಾ ಆಗಿದ್ದರೆ ಚೂರು ಗುಡಿಸುತ್ತಿದ್ದೆವು. ಒಮ್ಮೆ ಕೈಜಾರಿ ಬಿದ್ದಾಗ ಮೂಲೆ ಜಜ್ಜಿತು, ಅಷ್ಟೆ. ಕತ್ತರಿಸಿದ ಅಂಚಿನಲ್ಲಿ ಮಾತ್ರ ಎಳೆ ಸಿಬಿರೆದ್ದು ಚುಚ್ಚುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಇನ್ನು ತಕರಾರು. ಕ್ಯಾಟಲಾಗಿನಲ್ಲಿ 1200 ಡಿಗ್ರಿ ಎಂದು ದಪ್ಪಕ್ಷರದಲ್ಲಿತ್ತು. ನಂಬಿ 1150ಕ್ಕೆ ಏರಿಸಿದೆವು. ಎರಡೇ ತಿಂಗಳಲ್ಲಿ ಎರಡು ಟ್ರೇಗಳ ನಡು ಜೋಲಿಯ ಹಾಗೆ ಜೋತುಬಿತ್ತು. ಮಾರಿದವರನ್ನು ಕಾಡಿದ ಮೇಲೆ ಬಾಯಿಬಿಟ್ಟರು: ಒಳಗಿನ ಎಳೆ ನೆಕ್ಸ್‌ಟೆಲ್ ಎಂಬ ಬ್ರಾಂಡಿನ 610. ಅದು ಸಣ್ಣ ಕಣಗಳ ಅಲುಮಿನಾ. ಬಲವೇನೋ ಜಾಸ್ತಿ, ಆದರೆ 1000 ಡಿಗ್ರಿ ದಾಟಿ ಭಾರ ಹೊತ್ತರೆ ನಿಧಾನಕ್ಕೆ ಉದ್ದವಾಗುತ್ತ ಹೋಗುತ್ತದೆ. ಅದೇ ಬ್ರಾಂಡಿನ, ಮಲ್ಲೈಟ್ (ಅಲುಮಿನಾ-ಸಿಲಿಕಾ ಕೂಡಿದ ಖನಿಜ) ಬೆರೆತ 720 ಎಳೆ ಬಲದಲ್ಲಿ ಹಿಂದೆ, ಹೀಗೆ ಉದ್ದವಾಗದೆ ತಾಳುವುದರಲ್ಲಿ ಬಹಳ ಮುಂದೆ. 1200 ಅನ್ನುವುದು ಖಾಲಿ ಟ್ರೇಯ ಲೆಕ್ಕವಂತೆ! ಖಾಲಿ ಇಡಲು ಟ್ರೇ ಯಾಕೆ ಸ್ವಾಮಿ?

ಬಾಗಿದ್ದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ಈ ಜಾತಿಯ ಸೆರಾಮಿಕ್ ಸುಲಭಕ್ಕೆ ಮುರಿಯದಿರುವುದು ಮ್ಯಾಟ್ರಿಕ್ಸ್‌ನಲ್ಲಿರುವ ಸಣ್ಣ ರಂಧ್ರಗಳಿಂದ. ಬಿರುಕು ಆ ಪೊಳ್ಳಿನಲ್ಲಿ ದಾರಿ ತಪ್ಪಿ ಚದುರುತ್ತದೆ, ಎಳೆ ಉಳಿಯುತ್ತದೆ. ಅತಿ ಬಿಸಿಯಲ್ಲಿ ದಿನಗಟ್ಟಲೆ ಇಟ್ಟರೆ ರಂಧ್ರಗಳು ಮುಚ್ಚುತ್ತವೆ, ಟ್ರೇ ಗಟ್ಟಿಯಾದಷ್ಟೂ ಪೆಡಸಾಗುತ್ತದೆ. ನಮ್ಮ ಒಂದು ಟ್ರೇ ಮೇಲೆ ಬ್ರೇಜಿಂಗ್ ಫ್ಲಕ್ಸ್ (ಲೋಹ ಬೆಸೆಯುವಾಗ ಹಚ್ಚುವ ವಸ್ತು) ಚೆಲ್ಲಿ, ಕರಗಿ ಗಾಜಿನಂತೆ ಒಳಗಿಳಿದಿತ್ತು. ಮುಂದಿನ ವಾರ ಆ ಕಲೆಯ ಗುಂಟವೇ ಹಂಚಿನ ಹಾಗೆ ಪಟ್ಟನೆ ಮುರಿಯಿತು.

ಈಗ 1000ದ ಕೆಳಗೇ ಓಡಿಸುತ್ತೇವೆ, ಫ್ಲಕ್ಸ್ ಹತ್ತಿರ ಸುಳಿಯಗೊಡುವುದಿಲ್ಲ. ವಾರಕ್ಕೊಮ್ಮೆ ಮಗುಚಿಟ್ಟು, ಮಡಕೆ ಕೊಳ್ಳುವವರ ಹಾಗೆ ಬೆರಳಲ್ಲಿ ತಟ್ಟಿ ನೋಡುತ್ತೇವೆ. ಸದ್ದು ಮಂಕಾದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ಸದ್ಯ ಅಂಥದ್ದು ಸಿಕ್ಕಿಲ್ಲ. ಹತ್ತರಲ್ಲಿ ಏಳು ದುಡಿಯುತ್ತಿವೆ. ಐದಕ್ಕೆ ಮೂರೂವರೆ ಕೊಡುತ್ತೇನೆ, ಕಳೆದ ಒಂದೂವರೆ ಪೂರ್ತಿ ಆ ಕ್ಯಾಟಲಾಗಿಗೆ. ಮುಂದಿನ ಸಲವೂ ಇದನ್ನೇ ತರುವುದು, ಎಳೆಯ ಹೆಸರು ಬಿಲ್ಲಿನ ಮೇಲೆ ಬರೆಸಿಕೊಂಡು.