ಫಲಕದ ಕಂಬ ನೆಡುವ ಮೊದಲು ಗಡಿ ಕಲ್ಲು ಹುಡುಕಿ

ತುಮಕೂರಿನಿಂದ ಶಿರಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ನಮ್ಮದೊಂದು ತಟ್ಟೆ ಇಡ್ಲಿ ಹೋಟೆಲ್ ಇದೆ. ಹೆದ್ದಾರಿಯಂಚಿನಲ್ಲಿ ಹೋಟೆಲ್, ಅಂಗಡಿ, ಗ್ಯಾರೇಜು ಇಟ್ಟುಕೊಂಡು ಎತ್ತರದ ಫಲಕ ಹಾಕಿಸಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ನಾವು ಒಂದು ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡಿದ್ದೇವೆ.

ಮೇಲ್ಸೇತುವೆಗೆಂದು ಮುಖ್ಯರಸ್ತೆಯನ್ನು ಏರಿಸಿದ ಮೇಲೆ ನಮ್ಮ ಹತ್ತಡಿಯ ಫಲಕ ಮೇಲೆ ಹೋಗುವವರ ಕಣ್ಣಿಗೆ ಬೀಳುವುದೇ ನಿಂತಿತು. ಬೆಳಿಗ್ಗೆ ಒಂಬತ್ತಕ್ಕೆ ಮುಗಿಯುತ್ತಿದ್ದ ಹಿಟ್ಟು ಮಧ್ಯಾಹ್ನದವರೆಗೂ ಉಳಿದು ಹುಳಿಯತೊಡಗಿತು. ಮೂವತ್ತಡಿ ಎತ್ತರದ ಫಲಕಕ್ಕೆ ಅನುಮತಿ ಕೊಡಿ ಎಂದು ಪಂಚಾಯಿತಿಗೆ ಅರ್ಜಿ ಹಾಕಿದೆವು. ಅಷ್ಟು ಎತ್ತರಕ್ಕೆ ಕೊಡಲು ಬರುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಆಗಲೇ ಹಿಂಬರಹ ಕೊಡಿ ಎಂದು ಪಟ್ಟು ಹಿಡಿಯಬೇಕಿತ್ತು. ಏಕೆ ಆಗುವುದಿಲ್ಲ, ಯಾರನ್ನು ಕೇಳಬೇಕು ಎಂಬುದು ಕಾಗದದಲ್ಲಿ ಬಂದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಕಚೇರಿಯ ಹೊರಗೇ ಒಬ್ಬ ಮಧ್ಯವರ್ತಿ ಸಿಕ್ಕಿದ. "ಅಕ್ಕ, ನೀವು ಹಿಟ್ಟು ರುಬ್ಬುವುದನ್ನು ನೋಡಿಕೊಳ್ಳಿ, ಕಾಗದದ ಕೆಲಸ ನನಗೆ ಬಿಡಿ" ಎಂದ. ಹದಿನೈದು ಸಾವಿರ ತೆಗೆದುಕೊಂಡು ಎರಡು ವಾರದಲ್ಲಿ ಮೊಹರು ಬಿದ್ದ ಕಾಗದವೊಂದನ್ನು ತಂದುಕೊಟ್ಟ. ನಮ್ಮ ಮನೆಯವರು ಅದನ್ನು ದೇವರ ಮುಂದಿಟ್ಟು ಕೈಮುಗಿದರು. ಅದು ಜಾಹೀರಾತು ಫಲಕದ ತೆರಿಗೆ ಕಟ್ಟಿದ ರಸೀದಿ. ಅದರಲ್ಲಿ ಎತ್ತರದ ಮಾತೇ ಇರಲಿಲ್ಲ, ಅನುಮತಿ ಎಂಬ ಪದವೂ ಇರಲಿಲ್ಲ. ತೆರಿಗೆ ರಸೀದಿ ಅನುಮತಿಯಲ್ಲ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಓದಿ ನೋಡಲಿಲ್ಲ.

ಕಂಬಕ್ಕೆ, ಚೌಕಟ್ಟಿಗೆ, ಅಡಿಪಾಯಕ್ಕೆ ಸೇರಿ ತೊಂಬತ್ತು ಸಾವಿರ ಖರ್ಚಾಯಿತು. ಫಲಕ ಏರಿದ ಹದಿನೆಂಟನೆಯ ದಿನ ಹೆದ್ದಾರಿಯವರ ನೋಟಿಸ್ ಬಂತು. ಅಳತೆಗೆ ಬಂದವರು ಪಾರ್ಥೇನಿಯಂ ಗಿಡಗಳನ್ನು ಕಾಲಿನಿಂದ ಸರಿಸಿ, ಮಣ್ಣಿನಲ್ಲಿ ಅರ್ಧ ಹೂತಿದ್ದ ಗಡಿ ಕಲ್ಲನ್ನು ತೋರಿಸಿದರು. ನಮ್ಮ ಕಂಬದ ಬುಡ ಅದರಿಂದ ನಾಲ್ಕಡಿ ರಸ್ತೆಯ ಕಡೆಗಿತ್ತು. ಹತ್ತು ವರ್ಷದಿಂದ ಆ ಜಾಗವನ್ನು ದಿನವೂ ಗುಡಿಸಿ ನೀರು ಹಾಕುತ್ತಿದ್ದೆ, ನಮ್ಮದೆಂದೇ ನಂಬಿದ್ದೆ. ರಾಷ್ಟ್ರೀಯ ಹೆದ್ದಾರಿಯ ಜಾಗ 2002ರ ಹೆದ್ದಾರಿ ಜಮೀನು ಮತ್ತು ಸಂಚಾರ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. ಅಲ್ಲಿ ಏನನ್ನು ನಿಲ್ಲಿಸಬೇಕಾದರೂ ಹೆದ್ದಾರಿ ಆಡಳಿತದ ಅನುಮತಿ ಬೇಕು, ಪಂಚಾಯಿತಿಯ ಯಾವ ಕಾಗದವೂ ನಡೆಯುವುದಿಲ್ಲ. ಅವರೇ ತೆರವು ಮಾಡಿದರೆ ಅದರ ಖರ್ಚನ್ನೂ ನಮ್ಮಿಂದಲೇ ವಸೂಲಿ ಮಾಡಬಹುದು. ಆದ್ದರಿಂದ ನಾವೇ ಕ್ರೇನ್ ತರಿಸಿ ಇಳಿಸಿದೆವು. ಮಧ್ಯವರ್ತಿಯ ಮೊಬೈಲ್ ಅಂದಿನಿಂದ ಸ್ವಿಚ್ ಆಫ್.

ಕ್ರೇನ್ ಬಂದ ದಿನ ವಿದ್ಯುತ್ ಲೈನ್‌ಮನ್ ಒಬ್ಬರು ಹೇಳಿದ ಮಾತು ಇನ್ನೂ ನನ್ನ ಎದೆ ನಡುಗಿಸುತ್ತದೆ. 11 ಕೆ.ವಿ. ತಂತಿಯಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಇರಬೇಕಂತೆ. ನಮ್ಮ ಚೌಕಟ್ಟಿನ ಮೂಲೆಗೂ ತಂತಿಗೂ ನಡುವೆ ಒಂದು ಮೊಳವಿತ್ತು. ಬೆಳಿಗ್ಗೆ ಅದೇ ಕಂಬದ ಕೆಳಗೆ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದರು. 2024ರ ಮೇ 13ರಂದು ಮುಂಬೈಯ ಘಾಟ್‌ಕೋಪರಿನಲ್ಲಿ ಬಿರುಗಾಳಿಗೆ ಬಿದ್ದು 17 ಜನರನ್ನು ಬಲಿ ತೆಗೆದುಕೊಂಡ ಫಲಕ 120 ಅಡಿ ಉದ್ದ, 120 ಅಡಿ ಅಗಲದ್ದು. ಅಲ್ಲಿ ಇದ್ದ ಮಿತಿ 40 ಅಡಿ. ನಮ್ಮದು ಅದರ ಮುಂದೆ ತೀರಾ ಚಿಕ್ಕದು, ನಿಜ. ಆದರೆ ಮುಂಗಾರಿಗೆ ಮುಂಚಿನ ಗಾಳಿ ನಮ್ಮ ಬಯಲಿನಲ್ಲೂ ತಗಡು ಹಾರಿಸುತ್ತದೆ. ವ್ಯಾಪಾರದ ಚಿಂತೆಯಲ್ಲಿ ಇದೊಂದೂ ನನಗೆ ಹೊಳೆಯಲಿಲ್ಲ ಎಂಬುದೇ ಹಣಕ್ಕಿಂತ ಹೆಚ್ಚು ನೋಯಿಸುತ್ತದೆ.

ಹಾಗಾಗಿ ಕಬ್ಬಿಣದ ಅಂಗಡಿಗೆ ಹೋಗುವ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರಿಂದ ನಿಮ್ಮ ಜಾಗದ ಗಡಿ ಗುರುತು ಮಾಡಿಸಿ. ಕಂಬದ ಬುಡ ಯಾರ ನೆಲದಲ್ಲಿದೆಯೋ ಅವರನ್ನೇ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ಎಷ್ಟು ಅಡಿ ಎಂದು ಅಂಕಿಯಲ್ಲಿ ಬರೆದ ಆದೇಶ ಕೈಗೆ ಬರುವವರೆಗೆ ವೆಲ್ಡಿಂಗ್‌ನವರಿಗೆ ಮುಂಗಡ ಕೊಡಬೇಡಿ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕಡತ ಎಲ್ಲಿದೆ ಎಂದು ಕೇಳಿ; 30 ದಿನದೊಳಗೆ ಹೇಳಲೇಬೇಕು.

ನಮ್ಮ ಹದ್ದುಬಸ್ತು ಕಳೆದ ವಾರ ಮುಗಿಯಿತು. ಗೋಡೆಯ ಪಕ್ಕದಲ್ಲಿ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಹಳೆಯ ಫಲಕ ಅಡುಗೆಮನೆಯ ಹಿಂದೆ ಮಲಗಿದೆ, 'ತಟ್ಟೆ' ಎಂಬ ಅಕ್ಷರಗಳ ಮೇಲೆ ಮಳೆನೀರು ನಿಂತಿದೆ. ಹೊಸ ಅರ್ಜಿಯಲ್ಲಿ ಹದಿನೆಂಟು ಅಡಿ ಎಂದು ಬರೆದಿದ್ದೇವೆ.