ಮ್ಯಾಚಿಗೆ ನಾಲ್ಕು ಸ್ಟಾರ್, ಅಂಜಲ್ ಮೀನಿಗೆ ಒಂದೂ ಇಲ್ಲ

ಮೊದಲೇ ಹೇಳುತ್ತೇನೆ, ಹೋಟೆಲಿನ ಹೆಸರು ಹಾಕುವುದಿಲ್ಲ. ಓನರ್ ನನ್ನ ಅಳಿಯನ ಕ್ಲಾಸ್‌ಮೇಟ್. ಮಂಗಳೂರಲ್ಲಿ ಯಾರ ಬಗ್ಗೆ ಬರೆದರೂ ಮುಂದಿನ ಭಾನುವಾರ ಯಾವುದೋ ಮದುವೆ ಹಾಲಿನಲ್ಲಿ ಅವರೇ ಎದುರು ಬಂದು "ಊಟ ಆಯ್ತಾ?" ಅಂತ ಕೇಳುತ್ತಾರೆ. ಬಲ್ಮಠಕ್ಕೂ ಹಂಪನಕಟ್ಟೆಗೂ ನಡುವೆ, ಎರಡನೇ ಮಹಡಿ, ಬಾರ್ ಇರುವ ಫ್ಯಾಮಿಲಿ ರೆಸ್ಟೋರೆಂಟ್. ಅಷ್ಟು ಸಾಕು.

ನಾವು ಹೋದದ್ದು 2025ರ ಮೇ 24, ಶನಿವಾರ ರಾತ್ರಿ. ಸ್ಕಾಟಿಷ್ ಕಪ್ ಅನ್ನುವ ಸ್ಕಾಟ್ಲೆಂಡಿನ ಫುಟ್‌ಬಾಲ್ ಟೂರ್ನಮೆಂಟಿನ ಫೈನಲ್ ನೋಡಲಿಕ್ಕೆ. ಅಬರ್ಡೀನ್ ಮತ್ತು ಸೆಲ್ಟಿಕ್. ಅಲ್ಲಿ ಮಧ್ಯಾಹ್ನ ಮೂರು ಗಂಟೆ ಅಂದರೆ ನಮಗೆ ಸಂಜೆ ಏಳೂವರೆ. ಅದೇ ಏಳೂವರೆಗೆ ಜೈಪುರದಲ್ಲಿ ಪಂಜಾಬ್ ಮತ್ತು ಡೆಲ್ಲಿಯ ಐಪಿಎಲ್ ಮ್ಯಾಚ್. ಆ ಹೊತ್ತಿಗೆ ಫುಟ್‌ಬಾಲಿಗೆ ಟಿವಿ ಕೊಡಿ ಅಂದರೆ ಯಾರು ಕೊಡುತ್ತಾರೆ? ನಾಲ್ಕು ಕಡೆ ಫೋನ್ ಮಾಡಿದೆ. ಒಬ್ಬರು "ಸ್ಕಾಟ್ಲೆಂಡಿನವರು ಫುಟ್‌ಬಾಲೂ ಆಡ್ತಾರಾ ಸರ್?" ಅಂದರು. 1873ರಲ್ಲಿ ಶುರುವಾದ ಟೂರ್ನಮೆಂಟ್ ಮಾರಾಯ್ರೆ! ಆಗ ಮಾಡಿಸಿದ ಬೆಳ್ಳಿ ಕಪ್ ಈಗಲೂ ಉಂಟು. ಫೋನಿನಲ್ಲಿ ಇದನ್ನೆಲ್ಲ ಹೇಳಿ ಪ್ರಯೋಜನ ಇಲ್ಲ ಅಂತ ಇಟ್ಟುಬಿಟ್ಟೆ.

ಈ ಹೋಟೆಲಿನವರು ಮಾತ್ರ ಒಪ್ಪಿದರು. ಒಳಗೆ ಒಂದು ಸಣ್ಣ ಪಾರ್ಟಿ ಹಾಲ್ ಉಂಟು, ಬರ್ತ್‌ಡೇಗೆ ಕೊಡುವುದು. ಗೋಡೆಗೆ ದೊಡ್ಡ ಟಿವಿ. ಬಾಡಿಗೆ ಬೇಡ, ಬಿಲ್ ನಾಲ್ಕು ಸಾವಿರ ದಾಟಿದರೆ ಸಾಕು ಅಂದರು. ಲ್ಯಾಪ್‌ಟಾಪ್ ನಾವೇ ತರಬೇಕು, ಕೇಬಲ್ ಅವರದ್ದು. ಇಷ್ಟು ಒಳ್ಳೆಯ ಮಾತು ಈ ಊರಿನಲ್ಲಿ ಬೇರೆ ಎಲ್ಲೂ ಸಿಗುವುದಿಲ್ಲ. ಮೊದಲ ಸ್ಟಾರ್ ಅದಕ್ಕೆ.

ನಾವು ಏಳು ಜನ. ನಾನು ಅಬರ್ಡೀನ್ ಕಡೆ. ಇಂಜಿನ್ ರೂಮಿನವನು ನಾನು. 2006ರಿಂದ ಐದು ವರ್ಷ ಉತ್ತರ ಸಮುದ್ರದ ಆಯಿಲ್ ರಿಗ್‌ಗಳಿಗೆ ಸಾಮಾನು ಹೊರುವ ಹಡಗಿನಲ್ಲಿದ್ದೆ. ಹಡಗು ಅಬರ್ಡೀನಿನಲ್ಲಿ ಕಟ್ಟಿದಾಗೆಲ್ಲ ಶನಿವಾರ ಪಿಟೋಡ್ರಿ ಸ್ಟೇಡಿಯಂಗೆ ಓಡುತ್ತಿದ್ದೆ. ಸಮುದ್ರ ಅಲ್ಲೇ ಪಕ್ಕದಲ್ಲಿ, ಪಣಂಬೂರಿನ ಗಾಳಿಯನ್ನು ಫ್ರಿಜ್ಜಿನಲ್ಲಿಟ್ಟು ಬೀಸಿದ ಹಾಗೆ. ಆ ಟೀಮು ನನಗೆ ಕೊಟ್ಟದ್ದು ಏನು? 2008ರ ಫೆಬ್ರವರಿಯಲ್ಲಿ ಬಯರ್ನ್ ಮ್ಯೂನಿಕ್ ಜೊತೆ 2-2 ಡ್ರಾ. ಎರಡು ತಿಂಗಳಿಗೆ ಕಪ್ ಸೆಮಿಫೈನಲ್‌ನಲ್ಲಿ ಕ್ವೀನ್ ಆಫ್ ದ ಸೌತ್ ಅಂತ ಕೆಳಗಿನ ಡಿವಿಷನ್ನಿನ ಟೀಮಿಗೆ 4-3ರಲ್ಲಿ ಸೋಲು. 2010ರ ನವೆಂಬರಿನಲ್ಲಿ ಸೆಲ್ಟಿಕ್ ಕೈಯಲ್ಲಿ 9-0. ಒಂಬತ್ತು ಮಾರಾಯ್ರೆ. ಅವತ್ತು ಹಡಗಿನ ಮೆಸ್‌ನಲ್ಲಿ ಯಾರೂ ನನ್ನ ಹತ್ತಿರ ಉಪ್ಪು ಸಹ ಕೇಳಲಿಲ್ಲ.

ಅಳಿಯ ಸೆಲ್ಟಿಕ್. ಗ್ಲಾಸ್ಗೋದಲ್ಲಿ ಎಂಎಸ್ಸಿ ಮಾಡಿದವನು, ಹಸಿರು ಬಿಳಿ ಪಟ್ಟೆಯ ಜೆರ್ಸಿ ಹಾಕಿಕೊಂಡೇ ಬಂದಿದ್ದ. ಜೊತೆಗೆ ಅವನದೇ ಪಂಗಡದ ಮೂವರು. ಇನ್ನೊಬ್ಬ ಅವನ ರೂಂಮೇಟ್ ಆಗಿದ್ದವನು, ಗ್ಲಾಸ್ಗೋದಲ್ಲೇ ಸೆಲ್ಟಿಕ್‌ನ ಬದ್ಧ ಎದುರಾಳಿ ರೇಂಜರ್ಸ್ ಕಡೆ. ಅವನ ಟೀಮು ಫೈನಲ್‌ನಲ್ಲೇ ಇಲ್ಲ. ಸೆಲ್ಟಿಕ್ ಸೋಲುವುದನ್ನು ನೋಡಲಿಕ್ಕೆ ಸುರತ್ಕಲ್‌ನಿಂದ ಮಳೆಯಲ್ಲಿ ಸ್ಕೂಟರ್ ಹತ್ತಿ ಬಂದಿದ್ದ. ಏಳನೆಯವರು ನಮ್ಮ ಡಾಕ್ಟ್ರು. ಎಡಿನ್‌ಬರೋದಲ್ಲಿ ಕೆಲಸ ಮಾಡಿದವರು, ಹಿಬರ್ನಿಯನ್ ಕಡೆ. ಅವರ ಕಥೆ ಆಮೇಲೆ ಬರುತ್ತದೆ.

ಹಾಲ್ ಹೇಗಿದೆ ಅಂದರೆ, ಒಂದೇ ಉದ್ದ ಮೇಜು. ಫೈನಲ್ ನಡೆಯುವ ಹ್ಯಾಂಪ್ಡನ್ ಪಾರ್ಕಿನಲ್ಲಿ ಅರ್ಧ ಸ್ಟೇಡಿಯಂ ಅವರಿಗೆ, ಅರ್ಧ ಇವರಿಗೆ, ನಡುವೆ ಪೊಲೀಸರು. ಇಲ್ಲಿ ನಡುವೆ ಟೊಮೆಟೊ ಸಾಸ್. ಟಿವಿಯ ಕೆಳಗೆ ಕೂತವರಿಗೆ ಕತ್ತು ನೋವು ಗ್ಯಾರಂಟಿ, ಹಾಗಾಗಿ ಬಾಗಿಲ ಕಡೆಯ ಕುರ್ಚಿ ಹಿಡಿಯಿರಿ. ಎಸಿ ಜಾಸ್ತಿ. ಸೌಂಡ್ ಚೆನ್ನಾಗಿದೆ, ಯಾರೂ ಬಂದು ಕಡಿಮೆ ಮಾಡಿ ಅನ್ನಲಿಲ್ಲ. ಹೊರಗಿನ ದೊಡ್ಡ ಹಾಲಿನಲ್ಲಿ ಐಪಿಎಲ್ ಇತ್ತು, ಸಿಕ್ಸ್ ಹೋದಾಗೆಲ್ಲ ಅಲ್ಲಿಂದ ಕೂಗು. ಹಿಂದಿನ ರಾತ್ರಿಯಷ್ಟೇ ನಮ್ಮ ಆರ್‌ಸಿಬಿ ಹೈದರಾಬಾದಿಗೆ ಸೋತಿತ್ತು, ಹಾಗಾಗಿ ಆ ಕೂಗಿನಲ್ಲೂ ಅಷ್ಟು ದಮ್ಮಿರಲಿಲ್ಲ.

ಊಟದ ವಿಷಯ. ಗೋಳಿಬಜೆ ಬಿಸಿ ಇತ್ತು, ಒಳಗೆ ಹಸಿ ಇರಲಿಲ್ಲ, ಚಟ್ನಿ ನೀರು. ಚಿಕನ್ ಘೀ ರೋಸ್ಟ್ ಮಾತ್ರ ಎರಡು ಸಲ ತರಿಸಿದೆವು. ಮೆಣಸು ಹುರಿದು ಅರೆದ ಮಸಾಲೆ, ತುಪ್ಪ ಬಿಟ್ಟುಕೊಂಡು ಪ್ಲೇಟಿನ ಅಂಚಿಗೆ ಬಂದಿತ್ತು, ಹುಳಿ ಸರಿಯಾಗಿತ್ತು. ನೀರ್ ದೋಸೆ ಬರುವಾಗಲೇ ತಣ್ಣಗೆ. ಮೀನಿನ ಕಥೆ ಬೇಡ. ಕಾಣೆ ಕೇಳಿದೆ, ಇಲ್ಲ. ಒಂದು ವಾರ ಕಳೆದರೆ ಟ್ರಾಲಿಂಗ್ ನಿಷೇಧ, ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೇಲಿಂದ ಆ ದಿನ ಕಡಲು ಕೆಟ್ಟಿತ್ತು. ನನಗೆ ಅರ್ಥವಾಗುತ್ತದೆ. ಹಾಗಾದರೆ ಮೀನು ಇಲ್ಲ ಅನ್ನಬೇಕು, ಅಲ್ವಾ? "ಫ್ರೆಶ್ ಅಂಜಲ್ ಉಂಟು ಸರ್" ಅಂತ ತಂದಿಟ್ಟದ್ದು ಐಸಿನಲ್ಲಿ ಎಷ್ಟು ದಿನ ಮಲಗಿತ್ತೋ ದೇವರಿಗೇ ಗೊತ್ತು. ರವೆ ಗರಿಗರಿ, ಒಳಗೆ ಹತ್ತಿ. ಒಂದು ತುಂಡಿಗೆ 420 ರೂಪಾಯಿ.

ಬಿಯರ್ ಚೆನ್ನಾಗಿ ತಣ್ಣಗಿತ್ತು. ಅದನ್ನು ಕುಡಿಯುವಾಗಲೇ ರೇಂಜರ್ಸ್ ಹುಡುಗ ನೆನಪು ಮಾಡಿದ, ಸ್ಟೇಡಿಯಂನಲ್ಲಿ ಕೂತ ಜನಕ್ಕೆ ಇದು ಇಲ್ಲ. 1980ರ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ 1-0ರಲ್ಲಿ ರೇಂಜರ್ಸನ್ನು ಸೋಲಿಸಿತು. ಎರಡೂ ಕಡೆಯವರು ಮೈದಾನಕ್ಕೆ ಇಳಿದು ಬಾಟಲಿ, ಕಲ್ಲು ಎಸೆದುಕೊಂಡರು. ಕುದುರೆ ಪೊಲೀಸರು ಬಂದು ಚದುರಿಸಬೇಕಾಯಿತು. ಆಮೇಲೆ ಸ್ಕಾಟ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಮದ್ಯಕ್ಕೆ ಕಾನೂನಿನಲ್ಲೇ ತಡೆ. ಅದಕ್ಕೂ ಮೊದಲು 1909ರಲ್ಲಿ ಇವೆರಡೇ ಟೀಮುಗಳ ಫೈನಲ್‌ನಲ್ಲಿ ಎಷ್ಟು ಗಲಾಟೆ ಆಯಿತೆಂದರೆ ಆ ವರ್ಷ ಕಪ್ಪೇ ಯಾರಿಗೂ ಕೊಡಲಿಲ್ಲ.

"ಅಷ್ಟು ಯಾಕೆ ಜಗಳ?" ಅಂತ ಡಾಕ್ಟ್ರ ಹೆಂಡತಿ ಫೋನಿನಲ್ಲಿ ಕೇಳಿದರಂತೆ. ಸೆಲ್ಟಿಕ್ ಹುಟ್ಟಿದ್ದು 1887ರಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ಬಡ ಕ್ಯಾಥೊಲಿಕ್ ಜನರಿಗೆ ಊಟಕ್ಕೆ ದುಡ್ಡು ಎತ್ತಲಿಕ್ಕೆ. ರೇಂಜರ್ಸ್ 1872ರದ್ದು, ಪ್ರೊಟೆಸ್ಟೆಂಟ್ ಜನರ ಟೀಮ್ ಆಯಿತು. ಅಳಿಯ ಹೇಳುವುದು, ಗ್ಲಾಸ್ಗೋದಲ್ಲಿ ಹೊಸಬರನ್ನು "ಯಾವ ಶಾಲೆಗೆ ಹೋದದ್ದು?" ಅಂತ ಸುಮ್ನೆ ಕೇಳಿದ ಹಾಗೆ ಕೇಳುತ್ತಾರಂತೆ. ಶಾಲೆ ಗೊತ್ತಾದರೆ ಧರ್ಮ ಗೊತ್ತಾಯಿತು, ಟೀಮೂ ಗೊತ್ತಾಯಿತು. ನಮ್ಮಲ್ಲಿ "ನಿಮ್ಮದು ಮನೆ ಎಲ್ಲಿ ಆಯ್ತು? ಯಾರ ಮಗ?" ಅಂತ ಕೇಳಿದ ಹಾಗೆ. ಆ ಪ್ರಶ್ನೆಯ ಹೊಟ್ಟೆಯಲ್ಲಿ ಇರುವುದು ಎಂತದ್ದು ಅಂತ ಮಂಗಳೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಬರ್ಡೀನಿಗೆ ಆ ತಲೆನೋವು ಇಲ್ಲ. ನಮಗೆ ಇರುವುದು ಕುರಿ. ಸುತ್ತ ಹಳ್ಳಿ, ಕುರಿ ಸಾಕುವ ಜನ ಅಂತ ಎದುರಾಳಿಗಳು ನಮ್ಮನ್ನು ನೋಡಿ "ಬ್ಯಾ" ಅನ್ನುತ್ತಾರೆ. ಹೌದು, ಅಷ್ಟೇ. ಸಾವಿರಾರು ಜನ ಒಟ್ಟಿಗೆ "ಬ್ಯಾ". ಆಮೇಲೆ ನಮ್ಮವರೇ ಆ ಹೆಸರನ್ನು ಎತ್ತಿಕೊಂಡು ಹಾಡು ಕಟ್ಟಿದರು. 39ನೇ ನಿಮಿಷಕ್ಕೆ ನಮ್ಮ ಡೋರಿಂಗ್ಟನ್ ಮೈಗೆ ತಾಗಿ ಬಾಲು ನಮ್ಮದೇ ಗೋಲಿಗೆ ಹೋದಾಗ ಮೇಜಿನ ಆ ಬದಿಯಿಂದ ನಾಲ್ಕು ಬಾಯಿ "ಬ್ಯಾ" ಅಂದವು. ಅಳಿಯನದ್ದು ಎಲ್ಲಕ್ಕಿಂತ ಜೋರು. ಮಾಮ ಅನ್ನುವ ಮರ್ಯಾದೆ ಆ ಹೊತ್ತಿಗೆ ಇರಲಿಲ್ಲ.

ಆಶ್ಚರ್ಯವೂ ಆಗಲಿಲ್ಲ ಬಿಡಿ. ಆ ಸೀಸನ್ನಿನಲ್ಲಿ ಸೆಲ್ಟಿಕ್ ನಮಗೆ ಒಮ್ಮೆ ಆರು ಗೋಲು ಹೊಡೆದಿತ್ತು. ಫೈನಲ್‌ಗೆ ಹತ್ತು ದಿನ ಮೊದಲು ಪಿಟೋಡ್ರಿಗೇ ಬಂದು ಐದು ಹೊಡೆದಿತ್ತು. ಲೀಗ್ ಅವರದು, ಲೀಗ್ ಕಪ್ ಅವರದು, ಇದೂ ಸಿಕ್ಕಿದರೆ ಮೂರು.

ಹಾಫ್ ಟೈಮಿನಲ್ಲಿ ಡಾಕ್ಟ್ರು ನನ್ನ ಹೆಗಲ ಮೇಲೆ ಕೈ ಇಟ್ಟರು. "ನೀವು ಈ ಕಪ್ಪಿಗೆ 1990ರಿಂದ ಕಾಯುತ್ತಿದ್ದೀರಿ, ಅಷ್ಟೇ ಅಲ್ವಾ?" ಅಂದರು. ಅವರ ಹಿಬ್ಸ್ 1902ರಲ್ಲಿ ಗೆದ್ದ ಮೇಲೆ ನೂರು ವರ್ಷ ದಾಟಿದರೂ ಈ ಕಪ್ ಮತ್ತೆ ಮುಟ್ಟಿರಲಿಲ್ಲ. 2012ರಲ್ಲಿ ಅದೇ ಊರಿನ ಹಾರ್ಟ್ಸ್ ಜೊತೆ ಫೈನಲ್. 5-1ರಲ್ಲಿ ಸೋಲು. ಡಾಕ್ಟ್ರು ಸ್ಟೇಡಿಯಂನಲ್ಲಿದ್ದರು, ಮುಗಿಯುವ ಮೊದಲೇ ಎದ್ದು ಬಂದರಂತೆ. 2016ರ ಹೊತ್ತಿಗೆ ಮಣಿಪಾಲದಲ್ಲಿದ್ದರು. ರೇಂಜರ್ಸ್ ಎದುರು ಫೈನಲ್, 2-1ರಲ್ಲಿ ಹಿಂದೆ. ಡ್ಯೂಟಿ ರೂಮಿನಲ್ಲಿ ಫೋನು ನೋಡುತ್ತಿದ್ದಾರೆ. ಸ್ಟೋಕ್ಸ್ ಎರಡನೇ ಗೋಲು ಹೊಡೆದು ಸಮ ಮಾಡಿದ. ಇಂಜುರಿ ಟೈಮಿನಲ್ಲಿ ಕಾರ್ನರ್, ಕ್ಯಾಪ್ಟನ್ ಡೇವಿಡ್ ಗ್ರೇ ತಲೆ, 3-2. ನೂರ ಹದಿನಾಲ್ಕು ವರ್ಷ. ಸಿಸ್ಟರ್ ಓಡಿ ಬಂದು ಯಾವ ಪೇಶೆಂಟಿಗೆ ಏನಾಯಿತು ಅಂತ ಕೇಳಿದರಂತೆ. ಪಕ್ಕದಲ್ಲಿ ಕೂತ ರೇಂಜರ್ಸ್ ಹುಡುಗ ಈ ಕಥೆ ಮುಗಿಯುವವರೆಗೂ ಮೆನು ಕಾರ್ಡ್ ಓದಿದ.

ಇನ್ನು ದೊಡ್ಡ ದೂರು. ಕೇರಳಕ್ಕೆ ಮುಂಗಾರು ಕಾಲಿಟ್ಟದ್ದು ಅದೇ ದಿನ, ನಮ್ಮ ಕಡೆಯೂ ಬೆಳಗಿನಿಂದ ಹೊಡೆಯುತ್ತಿತ್ತು. ಎಂಬತ್ತನೇ ನಿಮಿಷಕ್ಕೆ ಕರೆಂಟ್ ಹೋಯಿತು. ಜನರೇಟರ್ ಉಂಟು. ಆದರೆ ಅದರ ಲೈನ್ ಅಡುಗೆ ಮನೆಗೆ, ಹೊರಗಿನ ಹಾಲಿಗೆ, ಲಿಫ್ಟಿಗೆ. ಪಾರ್ಟಿ ಹಾಲಿಗೆ ಒಂದು ಟ್ಯೂಬ್‌ಲೈಟ್ ಮಾತ್ರ. ಬರ್ತ್‌ಡೇ ಕೇಕ್ ಕತ್ತರಿಸಲಿಕ್ಕೆ ಅಷ್ಟು ಸಾಕು ಅಂತ ಇರಬೇಕು. ಬುಕ್ ಮಾಡುವಾಗ ಇದನ್ನು ಹೇಳಬೇಕಿತ್ತು. ವೈಫೈ ಸತ್ತಿತು. ಡಾಕ್ಟ್ರು ತಮ್ಮ ಫೋನ್ ತೆಗೆದು ಬಿಯರ್ ಬಾಟಲಿಗೆ ಒರಗಿಸಿದರು. ಏಳು ತಲೆ ಒಂದು ಕಡೆ. ನಮ್ಮ ಮಾರಿಸ್ ಬಲಗಡೆಯಿಂದ ಬಾಲು ಒಳಗೆ ಕಳಿಸಿದ, ಸೆಲ್ಟಿಕ್ ಕೀಪರ್ ಶ್ಮೈಕಲ್ ತಾಗಿಸಿದ, ಬಾಲು ಅವನದೇ ಗೋಲಿಗೆ. 83ನೇ ನಿಮಿಷ. ಮೂವತ್ತೈದು ವರ್ಷ ಕಾದ ಕಪ್ಪಿಗೆ ಜೀವ ಕೊಟ್ಟ ಗೋಲನ್ನು ನಾನು ಅಂಗೈಯಷ್ಟು ಪರದೆಯಲ್ಲಿ, ಅಳಿಯನ ಕಿವಿಯ ಪಕ್ಕದಿಂದ ನೋಡಿದೆ.

ಕೂಗು ಕೇಳಿ ವೇಟರ್ ಹುಡುಗ ಓಡಿ ಬಂದ. ಸಿಲಿಗುರಿಯವನು. ಪರದೆ ನೋಡಿದ, ನಮ್ಮ ಮುಖ ನೋಡಿದ, ಹಿಂದಿಯಲ್ಲಿ "ಡರ್ಬಿಯಾ ಸರ್?" ಅಂದ. ಒಂದೇ ಊರಿನ ಎರಡು ಟೀಮುಗಳ ಜಿದ್ದಿನ ಮ್ಯಾಚಿಗೆ ಡರ್ಬಿ ಅನ್ನುವುದು. ಕೋಲ್ಕತ್ತಾದ ಡರ್ಬಿಯಲ್ಲಿ ಅವನು ಈಸ್ಟ್ ಬೆಂಗಾಲ್ ಕಡೆ, ಎದುರು ಮೋಹನ್ ಬಾಗಾನ್. ಅವರ ಟೀಮ್ ಗೆದ್ದರೆ ಮನೆಗೆ ಹಿಲ್ಸಾ ಮೀನು, ಮೋಹನ್ ಬಾಗಾನ್ ಗೆದ್ದರೆ ಆ ಕಡೆಯವರ ಮನೆಯಲ್ಲಿ ಸಿಗಡಿ. ಅಲ್ಲಿಂದ ಮುಂದೆ ಅವನು ನಮ್ಮ ಹಾಲ್ ಬಿಟ್ಟು ಹೋಗಲಿಲ್ಲ. ಹೊರಗಿನವರ ಆರ್ಡರ್ ಏನಾಯಿತೋ ನನಗೆ ಗೊತ್ತಿಲ್ಲ, ಅವರ ರಿವ್ಯೂ ಅವರು ಬರೆಯಲಿ. ಕ್ಯಾಷಿಯರ್ ಮೇಜಿನ ಹಿಂದಿನಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ತಂದು, ಬಾಗಿಲ ಸಂದಿಯಿಂದ ತೂರಿಸಿ ಟಿವಿ ಹಚ್ಚಿದವನು ಅವನೇ. ಉಳಿದ ಸ್ಟಾರ್ ಎಲ್ಲ ಅವನಿಗೆ.

1-1. ಎಕ್ಸ್‌ಟ್ರಾ ಟೈಮಿನಲ್ಲೂ ಗೋಲಿಲ್ಲ. ಹತ್ತು ಗಂಟೆ ದಾಟಿತು. ಓನರ್ ಬಂದು ಕಿಚನ್ ಕ್ಲೋಸ್ ಅಂದರು, ನಾವು ಯಾರೂ ತಿರುಗಿ ನೋಡಲಿಲ್ಲ, ಅವರೂ ಬಾಗಿಲಲ್ಲೇ ನಿಂತರು. ಪೆನಾಲ್ಟಿ, ಒಬ್ಬೊಬ್ಬರೇ ಒದ್ದು ತೀರ್ಮಾನ. ಸೆಲ್ಟಿಕ್ ಕ್ಯಾಪ್ಟನ್ ಮೆಕ್‌ಗ್ರೆಗರ್ ಮೊದಲ ಒದೆ, ನಮ್ಮ ಕೀಪರ್ ಮಿಟೋವ್ ತಡೆದ. ಆಮೇಲೆ ನಮ್ಮವರು ನಾಲ್ಕಕ್ಕೆ ನಾಲ್ಕು. ಅವರ ಐದನೆಯದು ಜಾನ್‌ಸ್ಟನ್. ನಾನು ನೋಡಲಿಲ್ಲ, ಸಾಸ್ ಬಾಟಲಿಯ ಲೇಬಲ್ ನೋಡುತ್ತಿದ್ದೆ. ರೇಂಜರ್ಸ್ ಹುಡುಗ ನನ್ನನ್ನು ಕುರ್ಚಿ ಸಮೇತ ಅಲ್ಲಾಡಿಸಿದಾಗ ಗೊತ್ತಾಯಿತು, ಅದನ್ನೂ ತಡೆದ. 4-3. ಡಾಕ್ಟ್ರು ಕನ್ನಡಕ ಒರೆಸಿಕೊಂಡರು, ಅವರ ಟೀಮಲ್ಲ, ಆದರೂ.

ಬಿಲ್ 5,860. ಸೋತವರು ಕೊಡುವುದು ಅಂತ ಪಂದ್ಯ ಕಟ್ಟಿದ್ದೆವು. ಅಳಿಯ ಕಾರ್ಡ್ ತೆಗೆದ. ಅಂಜಲಿನ 420 ತೆಗೆಸಲಿಕ್ಕೆ ನಾನು ಐದು ನಿಮಿಷ ವಾದ ಮಾಡಿದೆ, ಅರ್ಧ ಕಡಿಮೆ ಮಾಡಿದರು. ಬಾತ್‌ರೂಮ್ ಕ್ಲೀನ್ ಇದೆ, ಸೋಪಿಲ್ಲ. ಪಾರ್ಕಿಂಗ್ ಐದಾರು ಕಾರಿಗೆ ಮಾತ್ರ, ಮಳೆಗಾಲದಲ್ಲಿ ಇಳಿಜಾರಿನ ಕೆಳಗೆ ನಿಲ್ಲಿಸಬೇಡಿ, ನೀರು ಬರುತ್ತದೆ. ಗುಂಪಾಗಿ ಮ್ಯಾಚ್ ನೋಡಲಿಕ್ಕೆ ಹೋಗಿ, ಘೀ ರೋಸ್ಟ್ ತಿನ್ನಿ, ಎಕ್ಸ್‌ಟೆನ್ಶನ್ ಬೋರ್ಡ್ ಮನೆಯಿಂದಲೇ ತೆಗೆದುಕೊಂಡು ಹೋಗಿ. ಹೆಂಡತಿ ಮಕ್ಕಳ ಜೊತೆ ಮೀನು ಊಟಕ್ಕೆ ಅಂತಾದರೆ ಬೇಡ.

ನಾವು ಹೊರಡುವಾಗ ಜನರೇಟರ್ ಕೂಡ ನಿಲ್ಲಿಸಿದ್ದರು. ಲಿಫ್ಟ್ ಇಲ್ಲ, ಮೆಟ್ಟಿಲು ಪೂರ್ತಿ ಕತ್ತಲೆ. ಅಳಿಯ ಮುಂದೆ, ಒಂದು ಮಾತೂ ಇಲ್ಲ, ಚಪ್ಪಲಿಯ ಸದ್ದು ಮಾತ್ರ. ಮೊದಲ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ಸಣ್ಣಗೆ ಕೇಳಿತು, "ಬ್ಯಾ". ನಾನು ರೇಲಿಂಗ್ ಹಿಡಿದು ನಿಂತೆ. ಹೊಟ್ಟೆಯಿಂದ ಉಸಿರೆಳೆದು "ಬ್ಯಾಆಆ" ಅಂದೆ. ಕೆಳಗಿದ್ದ ವಾಚ್‌ಮನ್ ಟಾರ್ಚ್ ಹಾಕಿ, "ಯಾರು ಮಾರಾಯ್ರೆ ಆಡು ತಂದದ್ದು?" ಅಂತ ಕೇಳಿದ.