ವಿಶೇಷ ಶಿಕ್ಷಕರ ತರಬೇತಿ ಎಂದು ಹಣ ಕಟ್ಟುವ ಮುನ್ನ ಇದನ್ನು ಓದಿ

ರಾಯಚೂರು, ಮಾನ್ವಿ, ಸಿಂಧನೂರು ಕಡೆಯ ಹೆಣ್ಣುಮಕ್ಕಳಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ. ವಿಶೇಷ ಶಿಕ್ಷಕರು ಎಂದರೆ ಅಂಗವಿಕಲ ಮಕ್ಕಳಿಗೆ ಕಲಿಸುವವರು. "ಪಿಯುಸಿ ಆದವರಿಗೆ ಒಂದೇ ವರ್ಷದಲ್ಲಿ ವಿಶೇಷ ಶಿಕ್ಷಕರ ಡಿಪ್ಲೊಮಾ, ರವಿವಾರ ಮಾತ್ರ ತರಗತಿ, ಸರ್ಕಾರಿ ಮಾನ್ಯತೆ, ಕೆಲಸ ಗ್ಯಾರಂಟಿ" ಎಂದು ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನಿಂದ 45,000 ರೂಪಾಯಿ ಕಿತ್ತುಕೊಂಡಿದ್ದಾರೆ. ಎರಡು ಕಂತು. ಎರಡನೆಯ ಕಂತು ನಮ್ಮ ಮಾವನವರು ಭತ್ತ ಮಾರಿ ತಂದ ದುಡ್ಡು. ಆ ಕೇಂದ್ರದ ಹೆಸರು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಮಾನನಷ್ಟ ಮೊಕದ್ದಮೆ ಹೂಡುತ್ತೇವೆ ಎಂದು ಅವರೇ ಹೆದರಿಸಿದ್ದಾರೆ. ಮಾನವಂತೆ, ಅವರಿಗೆ! ಹೆಸರು ಹೇಗೂ ಮುಂದಿನ ವರ್ಷ ಬದಲಾಗುತ್ತದೆ. ಹಣ ಕೀಳುವ ರೀತಿ ಬದಲಾಗುವುದಿಲ್ಲ, ಅದನ್ನು ತಿಳಿದುಕೊಳ್ಳಿ.

ಹೊಟ್ಟೆ ಉರಿಯುವುದು ಎಲ್ಲಿ ಗೊತ್ತೇ? ಆ ಮನುಷ್ಯ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ನಿರ್ದೇಶಕರು ಎಂದು ತಮ್ಮನ್ನು ತಾವೇ ಕರೆದುಕೊಳ್ಳುವ ಅವರು ಮೊದಲ ದಿನ ಪತ್ರಿಕೆಯ ತುಣುಕುಗಳನ್ನು ಮೇಜಿನ ಮೇಲೆ ಹರಡಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯದ ವಿಧಗಳು 7ರಿಂದ 21ಕ್ಕೆ ಏರಿವೆ ಎಂದರು. ನಿಜ. ಪ್ರಾಥಮಿಕ ಹಂತದಲ್ಲಿ 10 ಅಂಗವಿಕಲ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ ಎಂದರು. ಅದೂ ನಿಜ. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಹುದ್ದೆಗಳನ್ನು ಮಂಜೂರು ಮಾಡಿ ಎಂದು ರಾಜ್ಯಗಳಿಗೆ ಮತ್ತೆ ಸೂಚಿಸಿದ್ದೂ ನಿಜ. "ನಮ್ಮ ಭಾಗಕ್ಕೆ 371ಜೆ ಬೇರೆ ಇದೆ ತಂಗಿ, ಮೀಸಲಾತಿ ಇದೆ, ಅರ್ಹರೇ ಇಲ್ಲ, ಹುದ್ದೆ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ" ಎಂದರು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿ ಎಂದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಇಷ್ಟೆಲ್ಲ ನಿಜ ಹೇಳಿದವನು ಕೋರ್ಸಿನ ವಿಷಯದಲ್ಲಿ ಮಾತ್ರ ಸುಳ್ಳು ಹೇಳುತ್ತಾನೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಗೋಡೆಯ ಮೇಲೆ ಕನ್ನಡಿ ಹಾಕಿಸಿದ ಮೂರು ಪ್ರಮಾಣಪತ್ರಗಳಿದ್ದವು. ಒಂದರ ಮೇಲೆ ಸಿಂಹ ಲಾಂಛನ, ಭಾರತ ಸರ್ಕಾರ ಎಂಬ ಬರಹ. ನಮ್ಮ ಮಾವನವರು ಅದರ ಮುಂದೆ ನಿಂತು, ಕನ್ನಡಕ ಹಾಕಿಕೊಂಡು ನೋಡಿ, ತೃಪ್ತಿಯಿಂದ ತಲೆಯಾಡಿಸಿದರು. ಅದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳ ನೋಂದಣಿ. ಚಟ್ನಿಪುಡಿ ಮಾಡಿ ಮಾರುವವರೂ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಪಡೆಯುವ ಕಾಗದ. ಇನ್ನೊಂದು ಟ್ರಸ್ಟಿನ ನೋಂದಣಿ, ಮೂರನೆಯದು ಐಎಸ್‌ಒ ಎಂಬ ಗುಣಮಟ್ಟದ ಪ್ರಮಾಣಪತ್ರ. ಮೂರರಲ್ಲಿ ಒಂದಕ್ಕೂ ಶಿಕ್ಷಕರನ್ನು ತಯಾರು ಮಾಡುವ ಅಧಿಕಾರಕ್ಕೂ ಸಂಬಂಧವೇ ಇಲ್ಲ.

ಇನ್ನು ತರಗತಿ. ಬ್ರೈಲ್ ಪಾಠ ಎಂದು ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಆರು ಚುಕ್ಕೆಗಳ ಮನೆಗಳು, ಪಕ್ಕದಲ್ಲಿ ಕನ್ನಡ ಅಕ್ಷರಗಳು, ಎಲ್ಲವೂ ಕಪ್ಪು ಶಾಯಿಯಲ್ಲಿ. ಬೆರಳಾಡಿಸಿದರೆ ನುಣುಪು ಕಾಗದ. ಬ್ರೈಲ್ ಸ್ಲೇಟು, ಅದರ ಮೊಳೆ ಹೇಗಿರುತ್ತವೆ ಎಂದು ಕೂಡ ನಾವು ನೋಡಲಿಲ್ಲ. ಸನ್ನೆ ಭಾಷೆ ಕಲಿಸಲು ಬಂದ ಮೇಡಂ ಮೊಬೈಲ್‌ನಲ್ಲಿ ಯೂಟ್ಯೂಬ್ ಹಚ್ಚಿ ಅದನ್ನು ನಮ್ಮ ಕಡೆ ತಿರುಗಿಸಿ ಹಿಡಿದು ನಿಂತರು, ಅಷ್ಟೇ. ವರ್ಷ ಮುಗಿಯುವವರೆಗೆ ಒಂದು ಮಗುವನ್ನೂ ನಮ್ಮ ಮುಂದೆ ಕರೆತರಲಿಲ್ಲ. ಒಂದು ಮಗುವನ್ನೂ! ವಿಶೇಷ ಶಾಲೆಗೆ ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದರೆ, "ಅದರ ಚಿಂತೆ ನಿಮಗೇಕೆ? ಬೋಧನಾಭ್ಯಾಸದ ಪತ್ರ ನಾವೇ ಕೊಡುತ್ತೇವೆ, ಮನೆಯಲ್ಲಿ ಆರಾಮಾಗಿರಿ" ಎಂದರು. ಜೊತೆಗೆ ಇನ್ನೊಬ್ಬರನ್ನು ಸೇರಿಸಿದರೆ ಶುಲ್ಕದಲ್ಲಿ 2,000 ರೂಪಾಯಿ ಕಡಿತ ಎಂಬ ಆಸೆ. ಹಾಗೆ ನಮ್ಮ ಓಣಿಯ ಹುಡುಗಿಯೂ ಸೇರಿದಳು. ಅವಳ ತಾಯಿ ಈಗ ನಳದ ಹತ್ತಿರ ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಹೊರಟುಬಿಡುತ್ತಾರೆ.

ಎಲ್ಲ ಬಯಲಾದದ್ದು ಒಂದು ವಿಶೇಷ ಶಾಲೆಯ ಸಂದರ್ಶನದಲ್ಲಿ. ಮುಖ್ಯ ಶಿಕ್ಷಕಿ ನನ್ನ ಪ್ರಮಾಣಪತ್ರವನ್ನು ತೆಗೆದುಕೊಂಡು ಓದಿದರು. ತಿರುಗಿಸಿ ಹಿಂಭಾಗ ನೋಡಿದರು. ಮತ್ತೆ ಮುಂಭಾಗ. "ಸಿಆರ್‌ಆರ್ ಸಂಖ್ಯೆ ಎಲ್ಲಿದೆಯಮ್ಮಾ?" ಎಂದರು. ನಾನು ಅಂಚಿನಲ್ಲಿದ್ದ ಕ್ರಮಸಂಖ್ಯೆಯನ್ನು ತೋರಿಸಿದೆ. ಅವರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. ವಿಶೇಷ ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವುದು ದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. ಅದರ ಡಿ.ಇಡಿ ವಿಶೇಷ ಶಿಕ್ಷಣ ಎರಡು ವರ್ಷದ್ದು, ಪಿಯುಸಿಯಲ್ಲಿ ಶೇಕಡಾ 50 ಅಂಕ ಬೇಕು, ಮಕ್ಕಳ ಜೊತೆ ಕೂತು ಕಲಿಯಬೇಕು. ಶ್ರವಣದೋಷವೋ, ದೃಷ್ಟಿದೋಷವೋ, ಬೌದ್ಧಿಕ ಅಂಗವೈಕಲ್ಯವೋ, ಒಂದು ವಿಭಾಗವನ್ನು ಆರಿಸಿಕೊಂಡೇ ಓದುವುದು. ಪಾಸಾದವರ ಹೆಸರು ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕಕ್ಕೆ ಸೇರುತ್ತದೆ, ಆ ಸಂಖ್ಯೆಯೇ ಸಿಆರ್‌ಆರ್. "ನಿಮ್ಮದು ಯಾವ ವಿಭಾಗ?" ಎಂದು ಕೇಳಿದರು. ಎಲ್ಲವೂ ಎಂದೆ. ನಮಗೆ ಹಾಗೇ ಹೇಳಿದ್ದರು, ಎಲ್ಲವೂ ಎಂದು! ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳಿಸುತ್ತಿತ್ತು. ಬಿ.ಎ. ಮಾಡಿದ್ದೇನೆ, ಖಾಸಗಿ ಶಾಲೆಯಲ್ಲಿ ಪಾಠ ಹೇಳಿದ್ದೇನೆ, ಆ ಕೋಣೆಯಿಂದ ತಲೆ ಎತ್ತಿ ಹೊರಬರಲು ಆಗಲಿಲ್ಲ.

ಅಲ್ಲಿಂದಲೇ ಕೇಂದ್ರಕ್ಕೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಮೊದಲು, "ಸಿಆರ್‌ಆರ್ ದೆಹಲಿಯಿಂದ ಬರಬೇಕು, ತಡವಾಗುತ್ತದೆ." ಆಮೇಲೆ, "ಅದಕ್ಕೆ ಬೇರೆ ಶುಲ್ಕ ಇದೆ, 15,000 ಕೊಟ್ಟರೆ ನೋಡೋಣ." ಮಾನ್ಯತೆ ಇಲ್ಲದ ಕೋರ್ಸಿಗೆ ಸಿಆರ್‌ಆರ್ ಹೇಗೆ ತರುತ್ತೀರಿ ಎಂದು ಕೇಳಿದ್ದಕ್ಕೆ, "ಆರ್‌ಸಿಐ ಮಾನ್ಯತೆ ಇದೆ ಎಂದು ನಾವು ಎಲ್ಲಿ ಹೇಳಿದ್ದೇವೆ? ಸರ್ಕಾರಿ ಮಾನ್ಯತೆ ಎಂದಿದ್ದೇವೆ. ಟ್ರಸ್ಟಿಗೆ ಮಾನ್ಯತೆ ಇದೆಯಲ್ಲ" ಎಂದರು. ಹಣ ಕಟ್ಟುವವರೆಗೆ ತಂಗಿಯಾಗಿದ್ದವಳು ಆ ಹೊತ್ತಿಗೆ ಮೇಡಂ ಆಗಿದ್ದೆ. "ಮೇಡಂ, ನಿಮಗೆ ಜ್ಞಾನ ಸಿಕ್ಕಿದೆ, ಅದಕ್ಕೆ ಬೆಲೆ ಕಟ್ಟುತ್ತೀರಾ?" ಎಂದರು. ಯಾವ ಜ್ಞಾನ, ನುಣುಪು ಕಾಗದದ ಬ್ರೈಲ್ ಜ್ಞಾನವೇ?

ಹಣ ವಾಪಸ್ ಕೊಡಿ ಎಂದೆ. "ರಸೀದಿ ಓದಿಕೊಳ್ಳಿ" ಎಂದರು. ಮನೆಗೆ ಬಂದು ತೆಗೆದು ನೋಡಿದೆ. ಟ್ರಸ್ಟಿನ ಹೆಸರು, ನನ್ನ ಹೆಸರು, ಮೊತ್ತ. ಬಾಬತ್ತು ಎಂಬಲ್ಲಿ ನೀಲಿ ಪೆನ್ನಿನಲ್ಲಿ ಬರೆದದ್ದು: ಸ್ವಇಚ್ಛೆಯ ದೇಣಿಗೆ. ಕೆಳಗೆ ಚಿಕ್ಕ ಅಕ್ಷರದಲ್ಲಿ, ದೇಣಿಗೆಯನ್ನು ಹಿಂದಿರುಗಿಸಲಾಗುವುದಿಲ್ಲ. ಎರಡೂ ರಸೀದಿಗಳಲ್ಲಿ ಅದೇ. ಅಂದರೆ ಕಾಗದದ ಪ್ರಕಾರ ನಾನು ಯಾವ ಕೋರ್ಸಿಗೂ ಸೇರಿಲ್ಲ! ಕಷ್ಟಪಟ್ಟು ಬೆಳೆದ ಭತ್ತ ಮಾರಿ, ಪಾಪ, ಅವರ ಟ್ರಸ್ಟಿಗೆ ದಾನ ಮಾಡಿದ್ದೇನೆ! ಮಾವನವರಿಗೆ ಇದನ್ನು ಓದಿ ಹೇಳಬೇಕಾಗಿ ಬಂದದ್ದು ಸಂದರ್ಶನದಲ್ಲಿ ಆದ ಅವಮಾನಕ್ಕಿಂತ ದೊಡ್ಡದು.

ಇನ್ನೂ ಕೇಳಿ. 1992ರ ಆರ್‌ಸಿಐ ಕಾಯ್ದೆಯ 13ನೇ ಕಲಂ ಪ್ರಕಾರ, ಸಿಆರ್‌ಆರ್ ನೋಂದಣಿ ಇಲ್ಲದೆ ವಿಶೇಷ ಶಿಕ್ಷಕರ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಂದರೆ ಆ ಕಾಗದ ಹಿಡಿದು ಯಾವುದೋ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದರೆ ಸಿಕ್ಕಿಬೀಳುತ್ತಿದ್ದವಳು ನಾನು. ಕಾಗದ ಮಾರಿದವರು ಎಸಿ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿರುತ್ತಿದ್ದರು.

ಹಾಗಾಗಿ, ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ. ಆರ್‌ಸಿಐ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ರಾಜ್ಯವಾರು ಇದೆ. ಸಂಸ್ಥೆಯ ಹೆಸರು, ಕೋರ್ಸು, ಮಾನ್ಯತೆ ಯಾವ ವರ್ಷದವರೆಗೆ, ಎಲ್ಲವನ್ನೂ ನೀವೇ ನೋಡಿ. ಅವರ ಮೊಬೈಲ್‌ನಲ್ಲಿ ತೋರಿಸಿದರೆ ನೋಡಬೇಡಿ, ನಿಮ್ಮದರಲ್ಲಿ ನೋಡಿ. ಪಟ್ಟಿಯಲ್ಲಿ ಇಲ್ಲ ಎಂದರೆ ಇಲ್ಲ, "ಅರ್ಜಿ ಹಾಕಿದ್ದೇವೆ, ಬರುತ್ತದೆ" ಎಂಬುದೆಲ್ಲ ಬೊಗಳೆ. ರಸೀದಿಯಲ್ಲಿ ಬೋಧನಾ ಶುಲ್ಕ ಎಂದು ಬರೆಯದಿದ್ದರೆ ದುಡ್ಡನ್ನು ಜೇಬಿಗೆ ಹಾಕಿಕೊಂಡು ಎದ್ದು ಬನ್ನಿ. ಊರು ಬಿಟ್ಟು ಓದಲು ಆಗುವವರು ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಸಿಕಂದರಾಬಾದಿನ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆಯಂಥ ಕಡೆ ವಿಚಾರಿಸಿ. ಸಿಕಂದರಾಬಾದ್ ನಮಗೆ ಬೆಂಗಳೂರಿಗಿಂತ ಹತ್ತಿರ. ಇದನ್ನು ನನಗೆ ಹೇಳುವವರು ಆಗ ಒಬ್ಬರೂ ಇರಲಿಲ್ಲ.

ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ, 1915 ಗ್ರಾಹಕ ಸಹಾಯವಾಣಿಯಲ್ಲೂ ದಾಖಲಿಸಿದ್ದೇನೆ. ದೇಣಿಗೆ ರಸೀದಿ ಇರುವುದರಿಂದ ಒಬ್ಬಳ ಮಾತು ನಿಲ್ಲುವುದು ಕಷ್ಟ, ಇನ್ನಷ್ಟು ಜನ ಬಂದರೆ ಅನುಕೂಲ ಎಂದು ವಕೀಲರು ಹೇಳಿದ್ದಾರೆ. ನನ್ನ ಜೊತೆ ಕೂತು ಪಾಠ ಕೇಳಿದವರು ಇದನ್ನು ಓದುತ್ತಿದ್ದರೆ ರಸೀದಿ, ಫೋನ್‌ಪೇ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಮನೆಯಲ್ಲಿ ಬೈಯುತ್ತಾರೆ ಎಂದು ಮುಚ್ಚಿಟ್ಟುಕೊಂಡವರು ನಿಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. ಬೈಸಿಕೊಳ್ಳಿ, ಆದರೆ ಸಹಿ ಹಾಕಲು ಬನ್ನಿ.